ಪದವಿಯ ಪ್ರಥಮ ವರ್ಷ ವ್ಯರ್ಥವಾಗದಿರಲಿ

ಪಿ.ಯು.ಸಿ. ಮುಗಿಸಿದ ಮಗನನ್ನೋ ಮಗಳನ್ನೋ ಹಾಸಿಗೆ, ಟ್ರಂಕು, ರೊಟ್ಟಿ-ಚಟ್ನಿಪುಡಿಯ ಗಂಟಿನೊಡನೆ ಪಟ್ಟಣದ ಬಸ್ಸು ಹತ್ತಿಸುವಾಗ ತಂದೆತಾಯಿಗಳ ಮನದಲ್ಲಿ ಹಿರಿದಾದ ಆಸೆಯಿರುತ್ತದೆ. ಎಷ್ಟೋ ಮನೆತನಗಳಲ್ಲಿ ಪದವಿ ಕಾಲೇಜಿನ ಮೆಟ್ಟಿಲು ತುಳಿಯುವ ಮೊದಲ ಕುಡಿ ಅದೇ ಆಗಿರುತ್ತದೆ. ಶುಲ್ಕಕ್ಕಾಗಿ ಎತ್ತು ಮಾರಿದವರೂ ಸೊಸೈಟಿಯಲ್ಲಿ ಸಾಲ ತೆಗೆದವರೂ ಉಂಟು. ಹೀಗೆ ಬಂದ ಮಕ್ಕಳಲ್ಲಿ ಕೆಲವರು ಮೊದಲ ವರ್ಷದಲ್ಲಿಯೇ ಎಡವಿ ಊರಿಗೆ ಮರಳುವುದನ್ನು ಪ್ರಸಾದ ನಿಲಯಗಳ ವಿದ್ಯಾರ್ಥಿಗಳೊಡನೆ ದಶಕಗಳ ಕಾಲ ಒಡನಾಡಿದ ನಾವು ಕಂಡಿದ್ದೇವೆ. ಅವರಿಗೆ ಬುದ್ಧಿಯ ಕೊರತೆಯಿರಲಿಲ್ಲ. ತಿಳಿಯದುದನ್ನು ಕೇಳಲು ಇದ್ದ ಸಂಕೋಚವೇ ಅವರನ್ನು ಕೆಡಿಸಿತು.

ಶಾಲೆಯಲ್ಲಿ ಗುರುಗಳು ವಿದ್ಯಾರ್ಥಿಯ ಬೆನ್ನುಹತ್ತಿ ಓದಿಸುತ್ತಾರೆ. ಕಾಲೇಜಿನಲ್ಲಿ ವಿದ್ಯಾರ್ಥಿಯೇ ಗುರುಗಳ ಬಳಿಗೆ ಹೋಗಬೇಕು. ಈ ವ್ಯತ್ಯಾಸವನ್ನು ಮೊದಲ ತಿಂಗಳಲ್ಲಿಯೇ ಅರಿತವನು ಅರ್ಧ ಗೆದ್ದಂತೆ. ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತವನ ಸಂಶಯ ಯಾರಿಗೂ ಕಾಣುವುದಿಲ್ಲ. ತರಗತಿಯಲ್ಲಿ ಕೇಳಲು ನಾಚಿಕೆಯಾದರೆ ಪಾಠ ಮುಗಿದ ಮೇಲೆ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, ‘ಸರ್, ಇದೊಂದು ತಿಳಿಯಲಿಲ್ಲ’ ಎಂದರೆ ಸಾಕು. ಹಾಗೆ ಬಂದು ಕೇಳುವ ವಿದ್ಯಾರ್ಥಿಯನ್ನು ಪ್ರೀತಿಸದ ಗುರು ವಿರಳ.

ಪಿ.ಯು.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ.ನಂತಹ ತರಗತಿಗೆ ಬಂದವರಿಗೆ ಇಂಗ್ಲಿಷಿನ ಭಯ ದೊಡ್ಡದು. ವಿಷಯ ಗೊತ್ತಿದ್ದೂ ಶಬ್ದ ಗೊತ್ತಿಲ್ಲದೆ ಅವರು ಮೌನಿಗಳಾಗುತ್ತಾರೆ. ಇದಕ್ಕೆ ನಾವು ಹೇಳುವ ಉಪಾಯ ಸರಳವಾದುದು. ನಾಳೆಯ ಪಾಠವನ್ನು ಇಂದು ರಾತ್ರಿ ಕನ್ನಡ ಪುಸ್ತಕದಲ್ಲಿ ಒಮ್ಮೆ ಓದಿಕೊಳ್ಳಬೇಕು. ಪಾಠದಲ್ಲಿ ಬಂದ ಹೊಸ ಶಬ್ದಗಳಲ್ಲಿ ದಿನಕ್ಕೆ ಐದನ್ನಾದರೂ ಒಂದು ನೋಟುಪುಸ್ತಕದಲ್ಲಿ ಅರ್ಥಸಹಿತ ಬರೆದಿಡಬೇಕು. ಪ್ರೊ. ಜಿ. ವೆಂಕಟಸುಬ್ಬಯ್ಯನವರ ಇಂಗ್ಲಿಷ್-ಕನ್ನಡ ನಿಘಂಟಿನಂತಹ ಗ್ರಂಥ ಕೈಯಳವಿನಲ್ಲಿರಲಿ. ದಿನಕ್ಕೆ ಐದು ಶಬ್ದವೆಂದರೆ ನೂರು ದಿನಕ್ಕೆ ಐನೂರು ಶಬ್ದವಾಯಿತು. ಪಠ್ಯವನ್ನು ತಾನೇ ಓದಿ ತಿಳಿಯುವ ಧೈರ್ಯಕ್ಕೆ ಅದು ಒಳ್ಳೆಯ ಬುನಾದಿ.

‘ಮೊದಲ ವರ್ಷ ಹೇಗಾದರೂ ಕಳೆಯಲಿ, ಕೊನೆಯ ವರ್ಷ ಓದಿದರಾಯಿತು’ ಎಂಬ ಮಾತು ವಿದ್ಯಾರ್ಥಿನಿಲಯಗಳಲ್ಲಿ ಕೇಳಿಬರುತ್ತದೆ. ಇದು ದಾರಿ ತಪ್ಪಿಸುವ ಮಾತು. 3 ವರ್ಷಗಳ ಪದವಿಯಲ್ಲಿ 6 ಸೆಮಿಸ್ಟರುಗಳಿದ್ದು, ಅವುಗಳಲ್ಲಿ 2 ಮೊದಲ ವರ್ಷದವು. ಅಂತಿಮ ಫಲಿತಾಂಶದ ಸುಮಾರು ಮೂರನೆಯ ಒಂದು ಭಾಗ ಈ ವರ್ಷವೇ ನಿರ್ಧಾರವಾಗುತ್ತದೆಂದು ತಿಳಿಯಬೇಕು. ಉಳಿಸಿಕೊಂಡ ಪತ್ರಿಕೆ ಬಡ್ಡಿಸಾಲದಂತೆ ಮುಂದಿನ ಸೆಮಿಸ್ಟರಿನ ಹೆಗಲೇರುತ್ತದೆ. ಸಾಮಾನ್ಯವಾಗಿ ಶೇಕಡಾ 75ರಷ್ಟು ಹಾಜರಿಯೂ ಕಡ್ಡಾಯ. ಒಂದು ವಿಷಯಕ್ಕೆ 60 ತರಗತಿಗಳಿದ್ದರೆ ತಪ್ಪಿಸಿಕೊಳ್ಳಬಹುದಾದುವು 15 ಮಾತ್ರ. ಜಾತ್ರೆ, ಮದುವೆ, ಸುಗ್ಗಿ ಎಂದು ಮಕ್ಕಳನ್ನು ಪದೇ ಪದೇ ಊರಿಗೆ ಕರೆಸಿಕೊಳ್ಳುವ ಹಿರಿಯರೂ ಈ ಲೆಕ್ಕವನ್ನು ನೆನಪಿಡುವುದು ಲೇಸು.

ವಿದ್ಯಾರ್ಥಿವೇತನದ ವಿಷಯದಲ್ಲಿಯೂ ಉದಾಸೀನ ಸಲ್ಲದು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಈಗ ಎಸ್.ಎಸ್.ಪಿ. ಜಾಲತಾಣದಲ್ಲಿಯೇ ಅರ್ಜಿ ಸಲ್ಲಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇವುಗಳನ್ನು ಪ್ರವೇಶದ ಕಾಲಕ್ಕೇ ಸಿದ್ಧಪಡಿಸಿಕೊಂಡರೆ ಕೊನೆಯ ದಿನದ ಪರದಾಟ ತಪ್ಪುತ್ತದೆ.

ಓದಿನ ಜೊತೆಗೆ ಒಂದು ಸೇವಾಕಾರ್ಯವೂ ಇರಲಿ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕರು 2 ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸುತ್ತಾರೆ. 7 ದಿನಗಳ ಶಿಬಿರವೂ ಇರುತ್ತದೆ. ಹಳ್ಳಿಯಲ್ಲಿ ಬೆಳೆದು ಗುದ್ದಲಿ, ಸಲಿಕೆ ಹಿಡಿದು ರೂಢಿಯಿರುವ ಮಕ್ಕಳು ಅಲ್ಲಿ ತಾವಾಗಿಯೇ ಮುಂದಾಳುಗಳಾಗುತ್ತಾರೆ. ತರಗತಿಯಲ್ಲಿ ಬಾಯಿಬಿಡದವನು ಶಿಬಿರದಿಂದ ಮಾತುಗಾರನಾಗಿ ಮರಳಿದುದುಂಟು.

ಕೇಳುವ ಧೈರ್ಯ ಪಾಠಕ್ಕಷ್ಟೇ ಸೀಮಿತವಲ್ಲ. ಹಿರಿಯ ವಿದ್ಯಾರ್ಥಿಗಳು ರ‍್ಯಾಗಿಂಗ್ ಮಾಡಿದರೆ ಸಹಿಸಿ ಸುಮ್ಮನಿರಬೇಕಾಗಿಲ್ಲ. ಅದು ಶಿಕ್ಷಾರ್ಹ ಅಪರಾಧ. 1800-180-5522 ಎಂಬ ಉಚಿತ ಸಂಖ್ಯೆಗೆ ಕರೆಮಾಡಿ ದೂರು ಕೊಡಬಹುದು. ಮನೆಯ ನೆನಪು, ಸೋಲಿನ ಭಯ, ನಿದ್ರೆಯಿಲ್ಲದ ರಾತ್ರಿಗಳು ಮನಸ್ಸನ್ನು ಕುಗ್ಗಿಸಿದಾಗ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವುದು ಹೇಗೆ ನಾಚಿಕೆಯಲ್ಲವೋ ಇದೂ ಹಾಗೆಯೇ.

ಕೊನೆಯದಾಗಿ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ದೂರವಾಣಿಯಲ್ಲಿ ಮೊದಲ ಮಾತಾಗಿ ‘ಅಂಕ ಎಷ್ಟು ಬಂತು?’ ಎಂದು ಕೇಳಬೇಡಿರಿ. ‘ಊಟ ಆಯಿತೇ? ಈ ವಾರ ಏನು ಹೊಸದು ಕಲಿತೆ? ಏನು ಕಷ್ಟವಾಯಿತು?’ ಎಂದು ಕೇಳಿರಿ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋದೊಡನೆ ‘ಸಾಕು, ಹೊಲಕ್ಕೆ ಬಾ’ ಎಂದೋ, ಮಗಳಾದರೆ ‘ಇನ್ನು ಮದುವೆ ಮಾಡಿಬಿಡೋಣ’ ಎಂದೋ ತೀರ್ಮಾನಿಸಬೇಡಿರಿ. ಬೇರೆ ಮಣ್ಣಿಗೆ ಕಿತ್ತು ನೆಟ್ಟ ಸಸಿ ಕೆಲದಿನ ಬಾಡಿದಂತೆ ಕಾಣುವುದು ಸಹಜ. ಆಗ ಬೇಕಾದುದು ನೀರು. ಮನೆಯವರಲ್ಲಿ ಸೋಲನ್ನು ಅಂಜದೆ ಹೇಳಬಲ್ಲ ಮಗು ಗುರುಗಳಲ್ಲಿ ಸಂಶಯವನ್ನೂ ಅಂಜದೆ ಕೇಳಬಲ್ಲುದು.