ತೊಡೆಗುಂಡಿನ ಬಟ್ಟಲು ಕೂಡಿಸುವ ಕಸುಬು

ಕಾರಹುಣ್ಣಿಮೆಗೆ ಹೆಸರಾದ ಕರ್ಜಗಿಯ ಸುತ್ತಮುತ್ತ ಸೊಂಟಕ್ಕೆ ಪೆಟ್ಟು ಬೀಳಲು ದಾರಿ ಹಲವು. ಟ್ರ್ಯಾಕ್ಟರ್ ಮಗುಚಬಹುದು, ಮರದಿಂದ ಬೀಳಬಹುದು, ಹೋರಿ ಹಾಯಬಹುದು. ಹಾವೇರಿ ದಾಟುವ ಪುಣೆ–ಬೆಂಗಳೂರು ಹೆದ್ದಾರಿಯ ಪೆಟ್ಟು ಬೇರೆ ಬಗೆಯದು. ಕಾರು ಲಾರಿಗೆ ಗುದ್ದಿದಾಗ ಮುಂದೆ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯುತ್ತದೆ. ಆ ಹೊಡೆತ ತೊಡೆ ಎಲುಬಿನ ಗುಂಟ ಸಾಗಿ, ಅದರ ಗುಂಡು ಕೂತಿರುವ ಬಟ್ಟಲಿನ ಹಿಂಗೋಡೆಯನ್ನೇ ಒಡೆಯುತ್ತದೆ. ಮೊಣಕಾಲಿನ ತರಚು ಗಾಯವನ್ನಷ್ಟೇ ನೋಡಿದರೆ ಈ ದೊಡ್ಡ ಗಾಯ ಕಣ್ತಪ್ಪುತ್ತದೆ.

ವೈದ್ಯರು ಅಸೆಟಾಬ್ಯುಲಂ ಎನ್ನುವ ಈ ಬಟ್ಟಲನ್ನು ಕೂಡಿಸುವುದು ಎಲುಬಿನ ಶಸ್ತ್ರಚಿಕಿತ್ಸೆಯಲ್ಲೇ ಬಲು ಕಠಿಣ ಕೆಲಸ. ಹಿಂದೆ ಹೆಚ್ಚಿನವರಿಗೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ಪ್ಯಾರಿಸ್‌ನ ಜ್ಯೂಡೆ ಸೋದರರು ಮತ್ತು ಎಮಿಲ್ ಲೆಟೂರ್ನೆಲ್ 1964ರಲ್ಲಿ ಪ್ರಕಟಿಸಿದ ಪ್ರಬಂಧ ದಾರಿ ಬದಲಿಸಿತು. ಬಟ್ಟಲು ಒಡೆಯುವ ರೀತಿಗಳನ್ನು ಅವರು ವಿಂಗಡಿಸಿದರು. 45 ಡಿಗ್ರಿ ಓರೆಯಾಗಿ ತೆಗೆದ ಎಕ್ಸ್‌ರೇಗಳಲ್ಲಿ ಅವನ್ನು ಓದಲು ಕಲಿಸಿದರು. 5 ಸರಳ, 5 ಸಂಕೀರ್ಣ ಎಂಬ ಆ ಎಣಿಕೆ ಸಿ.ಟಿ. ಸ್ಕ್ಯಾನ್ ಬಂದ ಮೇಲೂ ಉಳಿದಿದೆ. ಎಲುಬು ಎಲ್ಲಿ ಒಡೆದಿದೆ ಎಂಬುದರ ಮೇಲೆ ಮುಂದಿನಿಂದ ಕೊಯ್ಯಬೇಕೋ ಹಿಂದಿನಿಂದಲೋ ಎಂಬುದು ತೀರ್ಮಾನವಾಗುತ್ತದೆ. ಹಿಂದಿನಿಂದ ಹೋದರೆ ಕಾಲಿಗಿಳಿಯುವ ದಪ್ಪ ಸಯಾಟಿಕ್ ನರವನ್ನು ಕಾಪಾಡಿಕೊಂಡೇ ಚೂರುಗಳನ್ನು ಜೋಡಿಸಿ ಪ್ಲೇಟು, ಸ್ಕ್ರೂ ಕೂರಿಸಬೇಕು. ಜೋಡಣೆ ಒಂದೆರಡು ಮಿಲಿಮೀಟರ್ ಏರುಪೇರಾದರೂ ಕೀಲು ಬೇಗ ಸವೆಯುವ ಭಯ. ಬೆನ್ನ ತಳದ ತ್ರಿಕಾಸ್ಥಿಯ ಕೀಲು ಬಿಟ್ಟಿದ್ದರೆ ಎಕ್ಸ್‌ರೇ ನೋಡುತ್ತಲೇ ಚರ್ಮದ ಸಣ್ಣ ಗಾಯದಿಂದ ಉದ್ದ ಸ್ಕ್ರೂ ಹಾಕುವುದೂ ಉಂಟು.

ಇಷ್ಟೆಲ್ಲ ನೈಪುಣ್ಯ ಫಲ ಕೊಡುವುದು ರೋಗಿ ಹೊತ್ತಿಗೆ ಸರಿಯಾಗಿ ಬಂದರೆ ಮಾತ್ರ. ಸೊಂಟದ ಉಂಗುರ ಒಡೆದಾಗ ಹೊರಗೆ ಕಾಣದ ಹಾಗೆ ಒಳಗೇ ರಕ್ತ ಹರಿದು ಜೀವ ಹೋಗಬಹುದು. 108ರ ವಾಹನ ಬರುವವರೆಗೆ ಗಾಯಾಳುವನ್ನು ಎತ್ತಿ ಕೂರಿಸಬಾರದು, ಹೊರಳಿಸಬಾರದು. ತರಬೇತಾದವರು ಸುತ್ತುವ ಪಟ್ಟಿ ಕೂಡ ನಡುವಿಗಲ್ಲ, ಅದಕ್ಕೂ ಕೆಳಗೆ, ತೊಡೆಯ ಮೇಲ್ತುದಿಯ ಎಲುಬು ಪಕ್ಕಕ್ಕೆ ಉಬ್ಬಿರುವ ಮಟ್ಟಕ್ಕೆ ಬರಬೇಕು. ಗುಂಡು ಬಟ್ಟಲಿನಿಂದ ಜಾರಿದ್ದರೆ ಕೆಲವೇ ಗಂಟೆಗಳಲ್ಲಿ ಒಳಸೇರಿಸಬೇಕು. ತಡವಾದಷ್ಟೂ ಗುಂಡಿಗೆ ರಕ್ತ ತಪ್ಪಿ ಅದು ಸಾಯುವ ಅಪಾಯ ಹೆಚ್ಚು.

ಜೀವ ಉಳಿದ ಮೇಲೆ ದಿನಗಳ ಲೆಕ್ಕ. ಬಟ್ಟಲಿನ ಶಸ್ತ್ರಚಿಕಿತ್ಸೆಗೆ ಮೊದಲ ಎರಡು ವಾರ ಒಳ್ಳೆಯದು. ಮೂರು ವಾರ ದಾಟಿದರೆ ಚೂರುಗಳು ತಪ್ಪಾದ ಜಾಗದಲ್ಲೇ ಬೆಸೆದುಕೊಳ್ಳತೊಡಗುತ್ತವೆ. ನಾಟಿ ಕಟ್ಟಿನ ಮೇಲೆ ನಮ್ಮ ಊರುಗಳಿಗಿರುವ ನಂಬಿಕೆ ನನಗೆ ಅರ್ಥವಾಗುತ್ತದೆ. ಆದರೆ ಆಳದಲ್ಲಿರುವ ಈ ಎಲುಬಿಗೆ ಯಾವ ಕಟ್ಟೂ ಮುಟ್ಟುವುದಿಲ್ಲ. ಕಟ್ಟಿನಲ್ಲಿ ಕಳೆದ ವಾರ ತಿರುಗಿ ಸಿಗುವುದಿಲ್ಲ. ದೊಡ್ಡ ಪೆಟ್ಟಿಗೆ ಈ ಭಾಗದವರು ನೆಚ್ಚಿರುವುದು ಹುಬ್ಬಳ್ಳಿಯಲ್ಲಿ 1957ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು. ಜನರ ಬಾಯಲ್ಲಿ ಅದು ಇಂದಿಗೂ ಕಿಮ್ಸ್. ಈಗ ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ.

ಶಸ್ತ್ರಚಿಕಿತ್ಸೆಯಾದ ಮೇಲೂ ಎರಡು-ಮೂರು ತಿಂಗಳು ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಕೀಲು ಸವೆದರೆ ಮುಂದೆ ಕೃತಕ ಕೀಲು ಬೇಕಾಗಬಹುದು. ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವವರು, ಬ್ಯಾಡಗಿ ಮೆಣಸಿನಕಾಯಿ ಬಿಡಿಸುವವರು ಹಾಗೆ ಕೂರುವ ಕೆಲಸ ತಮ್ಮದು ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಹೇಳಬೇಕು.