ನಿಂತ ಗಾಡಿ ಬಿಸಿಯಾದರೆ ಮೊದಲು ಫ್ಯಾನ್ ನೋಡಿ



ಮುಂಬೈಯಲ್ಲಿ ಹೋಟೆಲ್ ನಡೆಸುವ ನಮ್ಮವರಲ್ಲಿ ಅನೇಕರಿಗೆ ಗಲ್ಲಾದ ವ್ಯಾಪಾರದ ಜೊತೆಗೆ ಹೊರಗಿನ ಆರ್ಡರೂ ಇದೆ. ಮದುವೆ, ಉಪನಯನ, ಸತ್ಯನಾರಾಯಣ ಪೂಜೆ, ಆಫೀಸಿನ ಊಟ. ಭಟ್ಟರು ಎಷ್ಟು ಚೆನ್ನಾಗಿ ಅಡುಗೆ ಮಾಡಿಕೊಟ್ಟರೂ ಅದನ್ನು ಹಾಲಿಗೆ ಮುಟ್ಟಿಸುವುದು ಗಾಡಿ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆಯೇ ಇರಬೇಕೆಂಬ ನಿಯಮ ನಮಗೆಲ್ಲ ಗೊತ್ತು. ಸಯನ್‌ನಲ್ಲೋ ಘೋಡ್‌ಬಂದರ್ ರಸ್ತೆಯಲ್ಲೋ ಗಾಡಿ ಬಿಸಿಯಾಗಿ ನಿಂತರೆ ಸಾಂಬಾರು ತಣ್ಣಗಾಗುತ್ತದೆ, ಪಾರ್ಟಿಯವರು ಬಿಸಿಯಾಗುತ್ತಾರೆ. ಹಣಕ್ಕಿಂತ ಹೆಚ್ಚಾಗಿ ಹೋಗುವುದು ಹೆಸರು.

ಡ್ರೈವರ್ ದೂರು ತಂದಾಗ ಮಾಲಕರಾದ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಓಡುವಾಗ ಬಿಸಿಯಾಗುತ್ತದೋ, ನಿಂತಾಗ ಬಿಸಿಯಾಗುತ್ತದೋ?"

ಓಡುವ ಗಾಡಿಯ ರೇಡಿಯೇಟರಿಗೆ ಎದುರುಗಾಳಿ ತಾನಾಗಿಯೇ ಸಿಗುತ್ತದೆ. ಸಿಗ್ನಲಿನಲ್ಲಿ ನಿಂತಾಗ ಆ ಗಾಳಿ ಇಲ್ಲ. ಆಗ ಫ್ಯಾನೇ ಎಳೆದುಕೊಡಬೇಕು. ನಮ್ಮ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನಿಂತರೆ ಏನಾಗುತ್ತದೋ ಇಲ್ಲಿಯೂ ಅದೇ. ಆದ್ದರಿಂದ ಹೈವೇಯಲ್ಲಿ ಮುಳ್ಳು ಸರಿಯಾಗಿದ್ದು, ನಿಂತ ಕೂಡಲೇ ಏರಿದರೆ ಮೊದಲ ಸಂಶಯ ಫ್ಯಾನಿನ ಮೇಲೆ. ಬದಲಾಗಿ ಖಂಡಾಲಾ ಘಾಟ್ ಹತ್ತುವಾಗ, ವೇಗವಾಗಿ ಓಡುವಾಗ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿದೆಯೇ, ವಾಟರ್ ಪಂಪ್, ಥರ್ಮೋಸ್ಟ್ಯಾಟ್ ಸರಿಯಿದೆಯೇ ಎಂದು ನೋಡಬೇಕು. ಕೂಲಂಟ್ ಕಡಿಮೆಯಾಗಿದ್ದರೆ ಎರಡೂ ಕಡೆ ಬಿಸಿಯಾಗುತ್ತದೆ.

ನಮ್ಮ ವ್ಯಾನಿಗೂ ಒಮ್ಮೆ ಹೀಗೇ ಆಯಿತು. ತೋರಿಸಿದ ಗ್ಯಾರೇಜಿನವನು ಬಾನೆಟ್ ಮುಟ್ಟುವ ಮೊದಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು, ಮೂರು ದಿನ ಬಿಡಿ" ಎಂದ. ಹೈವೇಯಲ್ಲಿ ಏನೂ ತೊಂದರೆ ಇಲ್ಲವಲ್ಲ ಎಂದು ನಾನು ಗಾಡಿಯನ್ನು ಬೇರೊಬ್ಬ ಎಲೆಕ್ಟ್ರೀಷಿಯನ್ ಬಳಿ ಕಳಿಸಿದೆ. ಆತ ಫ್ಯಾನಿನ ರಿಲೇ ಬದಲಾಯಿಸಿ ಅರ್ಧ ಗಂಟೆಯಲ್ಲಿ ಕೊಟ್ಟ. ಗ್ಯಾಸ್ಕೆಟ್ ಹೋದರೆ ಅದಕ್ಕೆ ಬೇರೆ ಗುರುತುಗಳಿವೆ: ಸೈಲೆನ್ಸರಿನಿಂದ ನಿಲ್ಲದೆ ಬರುವ ಬಿಳಿ ಹೊಗೆ, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ, ಇಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುವುದು. ಇವು ಯಾವುವೂ ಇಲ್ಲದೆ ಯಾರಾದರೂ ಇಂಜಿನ್ ಬಿಚ್ಚೋಣ ಎಂದರೆ ಒಪ್ಪಬೇಡಿ.

ಈಗ ಪರೀಕ್ಷೆಯ ಕ್ರಮ.

1) ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿ ನೋಡಿ. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಹೋಸ್ ಪೈಪ್, ಪಂಪಿನ ಬುಡ ನೋಡಿಸಿ.

2) ಗಾಡಿ ನಿಲ್ಲಿಸಿ ಎಸಿ ಹಾಕಿ. ಹೆಚ್ಚಿನ ಗಾಡಿಗಳಲ್ಲಿ ಎಸಿ ಹಾಕಿದರೆ ಫ್ಯಾನ್ ತಿರುಗಬೇಕು. ಎಸಿಗೆ ತಿರುಗಿ, ಇಂಜಿನ್ ಬಿಸಿಗೆ ತಿರುಗದಿದ್ದರೆ ಫ್ಯಾನಿನ ಮೋಟರ್ ಸರಿಯಿದೆ. ಸೆನ್ಸರ್ ಅಥವಾ ವೈರಿಂಗ್ ನೋಡಿಸಿ. ಎರಡಕ್ಕೂ ತಿರುಗದಿದ್ದರೆ ಫ್ಯೂಸ್, ರಿಲೇ, ಕನೆಕ್ಟರ್, ಕೊನೆಗೆ ಮೋಟರ್. ಮಳೆಗಾಲದ ನಂತರ ಕನೆಕ್ಟರಿಗೆ ಹಸಿರು ಕಿಲುಬು ಹಿಡಿದಿರುವುದು ಸಾಮಾನ್ಯ. ಮೋಟರಿಗೆ ನೇರ ಬ್ಯಾಟರಿ ಕೊಟ್ಟು ನೋಡಿದರೆ ಎಲೆಕ್ಟ್ರೀಷಿಯನ್‌ಗೆ ಐದು ನಿಮಿಷದ ಕೆಲಸ.

3) ತಿರುಗಿದರೆ ಸಾಲದು, ಗಾಳಿ ಎಳೆಯಬೇಕು. ಫ್ಯಾನ್ ಓಡುವಾಗ ಗ್ರಿಲ್ಲಿನ ಮುಂದೆ ಒಂದು ಕಾಗದ ಹಿಡಿದರೆ ಅದು ಒಳಕ್ಕೆ ಅಂಟಬೇಕು. ಅಂಟದಿದ್ದರೆ ಮೋಟರ್ ಸುಸ್ತಾಗಿದೆ ಅಥವಾ ಜಾಲಿಯಲ್ಲಿ ಧೂಳು, ಹುಳು ತುಂಬಿದೆ. ನಮ್ಮ ಫ್ರಿಜ್ಜಿನ ಕಂಡೆನ್ಸರಿನಂತೆ ಅದನ್ನೂ ಮೆಲ್ಲನೆ ತೊಳೆಯಿಸಬೇಕು. ಜೋರು ಪ್ರೆಶರಿನ ನೀರು ಬಿಟ್ಟರೆ ಜಾಲಿ ಮಡಚಿ ಹೋಗುತ್ತದೆ.

4) ಕೆಲವು ಡೀಸೆಲ್ ಗಾಡಿಗಳಲ್ಲಿ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ. ಅಲ್ಲಿ ಬೆಲ್ಟ್ ಸಡಿಲವಾಗಿದೆಯೇ, ಫ್ಯಾನಿನ ಕ್ಲಚ್ ಹಿಡಿಯುತ್ತದೆಯೇ ನೋಡಿಸಿ.

ಎಲೆಕ್ಟ್ರಿಕ್ ಫ್ಯಾನ್ ಇಂಜಿನ್ ಬಂದ್ ಆದ ಮೇಲೂ ತಟ್ಟನೆ ತಿರುಗಬಹುದು. ಹುಡುಗರು ಕೈ ಹಾಕದಂತೆ ತಾಕೀತು ಮಾಡಿ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಬಂದ್ ಮಾಡಬೇಕು. ಹೀಟರ್ ಇದ್ದರೆ ಪೂರ್ತಿ ಹಾಕಬೇಕು, ಅದು ಇಂಜಿನ್ನಿನ ಶಾಖವನ್ನು ಒಳಕ್ಕೆ ಎಳೆಯುತ್ತದೆ. ಕೆಂಪಿಗೆ ಬಂದರೆ ಬದಿಗೆ ನಿಲ್ಲಿಸಿ ಇಂಜಿನ್ ಬಂದ್. ಊಟ ತಡವಾಗುತ್ತದೆಂದು ಓಡಿಸಿದರೆ ಹೆಡ್ ಬಾಗಿ, ಇಲ್ಲದ ಗ್ಯಾಸ್ಕೆಟ್ ಖರ್ಚು ನಿಜವಾಗಿಯೇ ಬರುತ್ತದೆ. ಬೇರೆ ಟೆಂಪೋಗೆ ಫೋನ್ ಮಾಡುವುದೇ ಅಗ್ಗ.

ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ಎಂದೂ ತೆಗೆಯಬಾರದು. ಒಳಗಿರುವುದು ಕುಕ್ಕರಿನಂತೆ ಒತ್ತಡದಲ್ಲಿರುವ ನೀರು. ಸೀಟಿ ಇಳಿಯದ ಕುಕ್ಕರನ್ನು ನಮ್ಮಲ್ಲಿ ಯಾರೂ ತೆರೆಯುವುದಿಲ್ಲ. ಪೂರ್ತಿ ತಣಿದ ಮೇಲೆಯೇ ತೆಗೆಯಬೇಕು. ಸುಡುವ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು.

ಬೋರ್‌ವೆಲ್ ನೀರು ತುಂಬಿಸುವುದೂ ಬೇಡ. ಬಾಯ್ಲರಿನಲ್ಲಿ ಕಟ್ಟುವ ಸುಣ್ಣದ ಪದರ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಕಂಪೆನಿ ಹೇಳಿದ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿಸಿ. "ಮುಂಬೈ ಸೆಕೆಗೆ ಥರ್ಮೋಸ್ಟ್ಯಾಟ್ ಬೇಡ, ತೆಗೆದುಬಿಡೋಣ" ಎನ್ನುವವರ ಮಾತು ಕೇಳಬೇಡಿ. ಅದು ಕೆಟ್ಟಿದ್ದರೆ ಹೊಸದು ಹಾಕಿಸಿ.

ಕೊನೆಯದಾಗಿ ಹೋಟೆಲಿನವರು ಮರೆಯಬಾರದ ಒಂದು ಮಾತು. ಸಾಮಾನ್ಯ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿ, ಬಣ್ಣ ಶರಬತ್ತಿನಂತೆ ಹಸಿರು ಅಥವಾ ಕೆಂಪು. ಉಳಿದದ್ದನ್ನು ಹಳೆ ನೀರಿನ ಬಾಟಲಿಗೆ ತುಂಬಿ ಸ್ಟೋರ್ ರೂಮಿನಲ್ಲಿಟ್ಟರೆ, ಯಾರೋ ಹುಡುಗ ಬಾಯಿಗೆ ಹಾಕಿದರೆ ಪ್ರಾಣಕ್ಕೇ ಅಪಾಯ. ಅದರ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿ, ಅಡುಗೆಮನೆ ಮತ್ತು ದಿನಸಿಯಿಂದ ದೂರ ಬೀಗ ಹಾಕಿಡಿ. ಒಂದು ಫ್ಯೂಸ್, ಒಂದು ರಿಲೇ ಮಾತ್ರ ಗಾಡಿಯಲ್ಲೇ ಇರಲಿ.