ಅಡುಗೆ ಎಲ್ಲರದು, ಬೋರ್ಡು ಯಾರದು?

ಥಾಣೆ, ಡೊಂಬಿವಲಿ, ಕಲ್ಯಾಣ, ವಾಶಿ — ಯಾವ ಸ್ಟೇಷನ್ನಿನಲ್ಲಿ ಇಳಿದು ಹೊರಬಂದರೂ 'ಉಡುಪಿ' ಎಂಬ ಮೂರಕ್ಷರದ ಬೋರ್ಡು ಕಣ್ಣಿಗೆ ಬೀಳದಿರುವುದು ಅಪರೂಪ. ಇಡ್ಲಿಯ ಹದವಾಗಲಿ ಸಾಂಬಾರಿನ ಪಾಕವಾಗಲಿ ಯಾರೊಬ್ಬರ ಸೊತ್ತೂ ಅಲ್ಲ. ಒಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿ, ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡವನು ಮುಂದೆ ಸ್ವಂತ ಹೋಟೆಲು ತೆರೆದರೆ, 'ನಮ್ಮ ಸಾಂಬಾರನ್ನು ಮಾಡಕೂಡದು' ಎಂದು ಹಳೆಯ ಧಣಿಗಳು ಹೇಳಲಾರರು. ಆದರೆ ಅವನು ಹಳೆಯ ಹೋಟೆಲಿನ ಹೆಸರನ್ನೇ ಬರೆಯಿಸಿ ಅದೇ ಬೀದಿಯಲ್ಲಿ ಕುಳಿತರೆ? ಜಗಳ ಹುಟ್ಟುವುದು ಅಲ್ಲಿಯೇ. ವಿದ್ಯೆಯನ್ನು ಹಂಚಬಹುದು, ಹೆಸರಿನ ಬೆನ್ನಿಗಿರುವ ನಂಬಿಕೆಯನ್ನು ಹಾಗೆ ಹಂಚಲಾಗದು.

ಗಣಕಯಂತ್ರಗಳ ಲೋಕದಲ್ಲಿಯೂ ಇದೇ ನ್ಯಾಯ ನಡೆಯುತ್ತಿರುವುದನ್ನು ಕಂಡರೆ ನಮ್ಮವರಿಗೆ ಆಶ್ಚರ್ಯವಾದೀತು. 'ಮುಕ್ತ ತಂತ್ರಾಂಶ'ವೆಂದರೆ ಪಾಕವನ್ನು ಬಚ್ಚಿಡದ ಅಡುಗೆ. ಅದರ ಒಳಗಿನ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಆದರೆ ಹೆಸರು, ಲಾಂಛನ, ಜಾಲತಾಣ ಎಂಬ ಮೂರು ಸೇರಿ ಅದರ ಬೋರ್ಡು. ಅದು ಯಾರ ಕೈಯಲ್ಲಿರಬೇಕೆಂಬುದನ್ನು ಮೊದಲೇ ನಿರ್ಣಯಿಸದಿದ್ದರೆ ಏನಾಗುವುದೆಂಬುದಕ್ಕೆ ಗುಮಾಸ್ತ ಬಂಧುಗಳಲ್ಲಿ ಅನೇಕರು ಬಲ್ಲ 'ಲಿಬ್ರೆ ಆಫೀಸ್' ಒಳ್ಳೆಯ ನಿದರ್ಶನ.

1999ರಲ್ಲಿ ಅಮೆರಿಕದ ಸನ್ ಕಂಪನಿಯು 'ಸ್ಟಾರ್ ಆಫೀಸ್' ಎಂಬ ತಂತ್ರಾಂಶವನ್ನು ಕೊಂಡು, ಮರುವರ್ಷ ಅದರ ಮೂಲಬರಹವನ್ನು ಲೋಕಕ್ಕೆ ತೆರೆದಿಟ್ಟಿತು. ಈ ಮುಕ್ತ ಯೋಜನೆಗೆ ಇಟ್ಟ ಹೆಸರು 'ಓಪನ್ ಆಫೀಸ್ ಡಾಟ್ ಆರ್ಗ್'. ಜಾಲತಾಣದ ವಿಳಾಸವೇ ತಂತ್ರಾಂಶದ ಹೆಸರಾಯಿತು. ನಾನಾ ದೇಶಗಳ ಸ್ವಯಂಸೇವಕರು ಅದಕ್ಕಾಗಿ ದುಡಿದರು. ಆದರೆ ಹೆಸರು ಮಾತ್ರ ಕಂಪನಿಯದಾಗಿಯೇ ಉಳಿಯಿತು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನು ಒರೇಕಲ್ ಕಂಪನಿಯು ಕೊಂಡಿತು. ಯೋಜನೆಯ ಭವಿಷ್ಯದ ಬಗೆಗೆ ಚಿಂತೆಗೊಳಗಾದ ಸ್ವಯಂಸೇವಕರು ಅದೇ ವರ್ಷ ಸೆಪ್ಟೆಂಬರ್ 28ರಂದು 'ಡಾಕ್ಯುಮೆಂಟ್ ಫೌಂಡೇಶನ್' ಎಂಬ ಸ್ವತಂತ್ರ ಸಂಸ್ಥೆಯನ್ನು ಸಾರಿ, ಹಳೆಯ ಹೆಸರನ್ನು ತಮಗೆ ದಾನವಾಗಿ ಕೊಡಬೇಕೆಂದು ಒರೇಕಲ್ಲನ್ನು ಕೇಳಿಕೊಂಡರು. ಅಲ್ಲಿಯವರೆಗೆ ಇರಲೆಂದು ಇಟ್ಟುಕೊಂಡ ಹೆಸರು 'ಲಿಬ್ರೆ ಆಫೀಸ್'. ಕೇಳಿದ್ದು ದೊರೆಯಲಿಲ್ಲ. 2011ರಲ್ಲಿ ಆ ಹೆಸರು ಅಪಾಚೆ ಎಂಬ ಬೇರೊಂದು ಸಂಸ್ಥೆಯ ಪಾಲಾಯಿತು. ತಾತ್ಕಾಲಿಕ ಹೆಸರೇ ಶಾಶ್ವತವಾಯಿತು.

ಅಡುಗೆಯವರು ಪಾಕದೊಡನೆ ಹೊರಬಂದರು, ಬೋರ್ಡು ಹಳೆಯ ಕಟ್ಟಡದಲ್ಲಿಯೇ ಉಳಿಯಿತೆನ್ನಬೇಕು. ಹೊಸ ಲಾಂಛನ, ಹೊಸ ಜಾಲತಾಣ, ಗಿರಾಕಿಗಳಿಗೆ ಹೊಸ ವಿಳಾಸವನ್ನು ತಿಳಿಸುವ ಶ್ರಮ — ಎಲ್ಲವೂ ಮೊದಲಿನಿಂದ ಆಗಬೇಕಾಯಿತು. ಅಡುಗೆ ರುಚಿಯಾಗಿದ್ದುದರಿಂದ ಗಿರಾಕಿಗಳು ಹುಡುಕಿಕೊಂಡು ಬಂದರು. ನಮ್ಮ ನೆರೆಯ ಪವಯಿ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯು ಇದರ ಪಾಠಗಳನ್ನು ಕನ್ನಡದಲ್ಲಿಯೂ ಉಚಿತವಾಗಿ ಒದಗಿಸಿದೆ.

ಬೋರ್ಡನ್ನು ಬಿಗಿಯಾಗಿ ಹಿಡಿಯುವುದೂ ತಪ್ಪಲ್ಲವೆಂಬುದಕ್ಕೆ ಇನ್ನೊಂದು ಪ್ರಸಂಗವುಂಟು. 2006ರಲ್ಲಿ 'ಫೈರ್‌ಫಾಕ್ಸ್' ತಂತ್ರಾಂಶದ ಒಡೆಯರಾದ ಮೊಜಿಲ್ಲಾ ಸಂಸ್ಥೆಯವರು ಡೆಬಿಯನ್ ಬಳಗಕ್ಕೆ ತಕರಾರು ಕಳುಹಿಸಿದರು: ಹೆಸರನ್ನು ಬಳಸುವುದಾದರೆ ನಮ್ಮ ಲಾಂಛನವನ್ನೂ ಬಳಸಬೇಕು, ಮಾಡುವ ತಿದ್ದುಪಡಿಗಳಿಗೆ ನಮ್ಮ ಒಪ್ಪಿಗೆಯೂ ಬೇಕು ಎಂದು. ಯಾರೋ ಕೆಡಿಸಿದ ಅಡುಗೆ ತಮ್ಮ ಹೆಸರಿನಲ್ಲಿ ಬಡಿಸಲ್ಪಡಬಾರದೆಂಬುದು ಅವರ ವಾದ. ಆ ಲಾಂಛನದ ಚಿತ್ರವು ಮುಕ್ತವಲ್ಲ, ಆದುದರಿಂದ ನಮ್ಮ ನಿಯಮಕ್ಕೆ ಒಗ್ಗದು ಎಂಬುದು ಡೆಬಿಯನ್ನಿನವರ ವಾದ. ಕೊನೆಗೆ ಅವರು ಅದೇ ತಂತ್ರಾಂಶಕ್ಕೆ 'ಐಸ್‌ವೀಸಲ್' ಎಂಬ ಬೇರೆ ಹೆಸರಿಟ್ಟು ಹಂಚಿದರು. 2016ರಲ್ಲಿ ರಾಜಿಯಾಗಿ ಹಳೆಯ ಹೆಸರು ಮರಳಿತು. ಇಬ್ಬರ ವಾದದಲ್ಲಿಯೂ ಸತ್ಯವಿತ್ತು. ನಿಯಮಗಳು ಬರಹದಲ್ಲಿದ್ದುದರಿಂದಲೇ ಜಗಳ ವೈಯಕ್ತಿಕ ಹಗೆಯಾಗದೆ ಮುಗಿಯಿತು.

ಇದರಿಂದ ನಾವು ಕಲಿಯಬೇಕಾದುದೇನು? ಇಂದು ನಮ್ಮ ಸಂಘಗಳು, ಭಜನಾ ಮಂಡಳಿಗಳು, ಯಕ್ಷಗಾನ ಮಂಡಳಿಗಳು ಲಾಂಛನ ಬರೆಯಿಸಿ ಜಾಲತಾಣ ತೆರೆಯುತ್ತಿವೆ. ಸಾಮಾನ್ಯವಾಗಿ ಉತ್ಸಾಹಿ ತರುಣನೊಬ್ಬನು ತನ್ನ ಹೆಸರಿನಲ್ಲಿಯೇ ವಿಳಾಸವನ್ನು ಕೊಂಡು, ತನ್ನ ಜೇಬಿನಿಂದಲೇ ಹಣ ತೆತ್ತು, ಪಾಸ್‌ವರ್ಡನ್ನು ತನ್ನ ಬಳಿಯಲ್ಲಿಯೇ ಇಟ್ಟುಕೊಂಡಿರುತ್ತಾನೆ. ಅವನದು ಸೇವೆಯೇ ಹೊರತು ದೋಷವಲ್ಲ. ಆದರೆ ನಾಳೆ ಅವನಿಗೆ ದುಬೈಯಲ್ಲಿ ಕೆಲಸ ದೊರೆತರೆ? ಅವಧಿ ಮುಗಿಯುವ ಮೊದಲು ಶುಲ್ಕ ಕಟ್ಟಲು ಮರೆತರೆ? ಹಲವು ವರ್ಷಗಳ ಸಂಘವು ಒಂದೇ ದಿನದಲ್ಲಿ ವಿಳಾಸವಿಲ್ಲದ್ದಾಗುವುದು.

ಆದುದರಿಂದ ಮುಂದಿನ ಮಹಾಸಭೆಯಲ್ಲಿಯೇ ಮೂರು ಮಾತುಗಳನ್ನು ನಡವಳಿ ಪುಸ್ತಕದಲ್ಲಿ ಬರೆದಿಡುವುದು ಲೇಸು. ಜಾಲತಾಣದ ವಿಳಾಸವು ಸಂಘದ ಹೆಸರಿನಲ್ಲಿರತಕ್ಕದ್ದು. ಲಾಂಛನದ ಮೂಲಚಿತ್ರವೂ ಅದನ್ನು ಬಳಸುವ ಹಕ್ಕೂ ಸಂಘದ್ದಾಗಿರತಕ್ಕದ್ದು. ಪಾಸ್‌ವರ್ಡು ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರತಕ್ಕದ್ದು.

ಗಲ್ಲೆಯ ಬೀಗದ ಕೈಯನ್ನು ಎಲ್ಲಿಡಬೇಕೆಂಬುದನ್ನು ಹೋಟೆಲು ತೆರೆಯುವ ದಿನವೇ ಗೊತ್ತುಮಾಡುವವರು ನಾವು. ಬೋರ್ಡಿನ ವಿಷಯದಲ್ಲಿ ಮಾತ್ರ ಉದಾಸೀನವೇಕೆ?